ಮುಳುಗುವ ವಾಚು, ತಿರುಗುವ ವಾಚು

ಒಂದು ವಸ್ತುವನ್ನು ಕೊಳ್ಳುವ ಮುಂಚೆಯೇ ಅದರ ಜೊತೆ ಮನಸ್ಸಿನಲ್ಲಿ ಸಂಸಾರ ಹೂಡಿಬಿಡುವ ಚಾಳಿ ನನ್ನದು. ಅಂಗಡಿಯಲ್ಲಿ ಕೊಡೆಯೊಂದನ್ನು ಕಂಡರೆ ಸಾಕು, ಅದನ್ನು ಹಿಡಿದು ಯಾವ ಮಳೆಯಲ್ಲಿ ಯಾರ ಮನೆಗೆ ಹೋಗಬಹುದೆಂದು ಯೋಚಿಸುತ್ತಾ ನಿಲ್ಲುತ್ತೇನೆ. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಕೊಂಡವರಿಗೆ ಬರೀ ಕೊಡೆ, ನನಗೆ ಇಡೀ ಮಳೆಗಾಲವೇ ಸಿಕ್ಕಿತಲ್ಲ ಎಂದು ಒದ್ದೆ ತಲೆ ಒರೆಸಿಕೊಳ್ಳುತ್ತಾ ಸಮಾಧಾನ ಪಟ್ಟುಕೊಳ್ಳುತ್ತೇನೆ.

ಇಂಥವನಿಗೆ ಮದುವೆಯಾದ ಮೊದಲ ದೀಪಾವಳಿಗೆ ಹರಿಹರದ ಮಾವನವರು ವಾಚು ಕೊಡಿಸಲು ಹೊರಟರು. ಅಳಿಯನಿಗೆ ವಾಚು ಕೊಡುವುದು ಆಗಿನ ಮರ್ಯಾದೆ. ಅದರಲ್ಲಿ ಗಂಟೆ ನೋಡಲೇಬೇಕೆಂಬ ಕಡ್ಡಾಯವೇನೂ ಇರಲಿಲ್ಲ; ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಸಿಳ್ಳೆ ಕೇಳಿಯೇ ಊರೆಲ್ಲ ಏಳುತ್ತಿತ್ತು, ಉಣ್ಣುತ್ತಿತ್ತು. ನಾನು ಗುಮಾಸ್ತನಾಗಿದ್ದ ಹತ್ತಿ ಮಂಡಿಯಲ್ಲಂತೂ ಸಿಳ್ಳೆಗಿಂತ ಮುಂಚೆಯೇ ಎಲ್ಲರಿಗೂ ಹಸಿವಾಗುತ್ತಿತ್ತು.

ಮಾವ, ನನ್ನ ಹೆಂಡತಿ ಗಿರಿಜೆ, ನಾನು ಮೂವರೂ ದಾವಣಗೆರೆ ಪೇಟೆಯಲ್ಲಿ ವಾಚಿನ ಸಾಹೇಬರ ಅಂಗಡಿಗೆ ಹೋದೆವು. ಸಾಹೇಬರು ನೀರು ತುಂಬಿದ ಗಾಜಿನ ಲೋಟದೊಳಗಿಂದ ದಪ್ಪನೆಯ ವಾಚೊಂದನ್ನು ಎತ್ತಿ ತೋರಿಸಿದರು. “ಇದು ಸಮುದ್ರದಾಗ ಮುಳುಗೋರ ವಾಚು. ಕತ್ತಲಾಗೂ ಮುಳ್ಳು ಹೊಳಿತಾವೆ.” ಆಮೇಲೆ ಮತ್ತೊಂದನ್ನು ಬಟ್ಟೆಯಲ್ಲಿ ಒರೆಸಿ ಮುಂದಿಟ್ಟರು. “ಇದು ಮುಸಾಫಿರರದು. ಮುಳ್ಳು ಒಂದು ಹೆಚ್ಗಿ ಐತೆ ನೋಡ್ರಿ. ಅದು ಬ್ಯಾರೆ ದೇಶದ ಟೈಮ್ ತೋರಿಸ್ತೈತೆ. ಎರಡಕ್ಕೂ ರೇಟು ಒಂದೇ.”

ರೇಟು ಬೇರೆ ಬೇರೆ ಇದ್ದಿದ್ದರೆ ಮಾವನ ಮುಖ ನೋಡಿ ತೀರ್ಮಾನ ಮಾಡಬಹುದಿತ್ತು. ಈಗ ಆ ದಾರಿಯೂ ಮುಚ್ಚಿತು. ಎರಡು ಕೈಗೂ ಒಂದೊಂದು ಕಟ್ಟಿಕೊಂಡು ನಿಂತೆ. ಎಡಗೈ ನೋಡಿದರೆ ನಾನು ತುಂಗಭದ್ರೆಯ ಆಳದಲ್ಲಿದ್ದೆ. ಹಸಿರು ಬೆಳಕು, ಮೈ ಸವರಿಕೊಂಡು ಹೋಗುವ ಮೀನುಗಳು, ತಲೆಯ ಮೇಲೆಲ್ಲೋ ಸೇತುವೆಯ ನೆರಳು. ಬಲಗೈ ನೋಡಿದರೆ ಹಡಗಿನ ಕಟಕಟೆಗೆ ಒರಗಿ, ಈಗ ದಾವಣಗೆರೆಯಲ್ಲಿ ದೋಸೆ ಹುಯ್ಯುತ್ತಿರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಗಿರಿಜೆ ತವರಿಗೆ ಹೋದಾಗ ಆ ಹೆಚ್ಚಿನ ಮುಳ್ಳನ್ನು ಹರಿಹರದ ವೇಳೆಗೆ ಇಟ್ಟುಕೊಳ್ಳಬಹುದಲ್ಲ ಎಂಬ ಮಧುರವಾದ ಯೋಚನೆ ಬಂದು, ಬಾಯಿ ತಪ್ಪಿ ಸಾಹೇಬರಿಗೂ ಹೇಳಿಬಿಟ್ಟೆ.

“ಹರಿಹರದಾಗೂ ಇದೇ ಟೈಮ್ ಅಲ್ಲೇನ್ರಿ?” ಅಂದರು ಅವರು, ಬಹಳ ಮರುಕದಿಂದ.

ನನ್ನ ನಿಜವಾದ ಸಂಕಟ ಬೇರೆಯೇ ಇತ್ತು. ನನಗೆ ಈಜು ಬಾರದು. ದಾರಿಯಲ್ಲಿ ಬಾವಿ ಕಂಡರೂ ನಾಲ್ಕು ಮಾರು ಸರಿದೇ ನಡೆಯುತ್ತಿದ್ದೆ. ಪ್ರಯಾಣವೆಂದರೆ ಹರಿಹರದವರೆಗಿನ ರೈಲು, ಅದರಲ್ಲೂ ತೂಕಡಿಕೆ. ಯಾವುದನ್ನು ಆರಿಸಿದರೂ ಆ ವಾಚಿಗೆ ತಕ್ಕ ಗಂಡಸು ನಾನಲ್ಲವೆಂದು ಗಿರಿಜೆಗೆ ಗೊತ್ತಾಗುತ್ತದೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಇಷ್ಟು ಬೇಗ ಗೊತ್ತಾಗುವುದು ಬೇಡವೆಂದು ಒಳಗೊಳಗೇ ಹೆದರಿಕೆ.

ಮಾವ ಹೊರಗೆ ಹೋಗಿ ಚಹಾ ಕುಡಿದು ಬಂದರು. ನಾನಿನ್ನೂ ಎರಡೂ ಕೈ ಚಾಚಿಕೊಂಡೇ ನಿಂತಿದ್ದೆ. “ಅಮ್ಮಾರನ್ನರ ಕೇಳ್ರಿ,” ಎಂದರು ಸಾಹೇಬರು, ಅಂಗಡಿ ಮುಚ್ಚುವ ಚಿಂತೆಯಲ್ಲಿ.

ಗಿರಿಜೆ ತಲೆ ಎತ್ತಲಿಲ್ಲ, ತಡವನ್ನೂ ಮಾಡಲಿಲ್ಲ. “ನೀರಿಂದು ತಗಳ್ರಿ,” ಎಂದಳು.

ನನ್ನ ಎದೆ ಉಬ್ಬಿತು. ಇವಳ ಕಣ್ಣಿಗೆ ನಾನು ಧುಮುಕುವ ಗಂಡು! ಹಬ್ಬಕ್ಕೆಂದು ಮಾವನ ಮನೆಗೆ ಹೊರಟವನು, ಹರಿಹರ ತಲುಪುವವರೆಗೂ ರೈಲಿನಲ್ಲಿ ತೂಕಡಿಸದೆ ಹೊಳೆಯ ಕನಸನ್ನೇ ಕಂಡೆ.

ಹಬ್ಬದ ಮರುದಿನ ಬೆಳಗ್ಗೆ ಅವಳೇ ನನ್ನನ್ನು ಹೊಳೆಗೆ ಕರೆದೊಯ್ದಳು. ಮೆಟ್ಟಿಲ ಮೇಲೆ ನಿಂತಾಗ ಉಬ್ಬಿದ್ದ ಎದೆ ತಾನಾಗಿ ಇಳಿಯಿತು. “ಗಿರಿಜಾ, ನನಗೆ ಈಜು ಬರೋದಿಲ್ಲ,” ಎಂದೆ.

“ಗೊತ್ತೈತ್ರಿ. ಮದುವ್ಯಾಗ ಗಂಗೆ ಪೂಜೆಗೆ ಬಂದಾಗ ಮೊಣಕಾಲುದ್ದ ನೀರಾಗ ನಮ್ಮಪ್ಪನ ಕೈ ಬಿಟ್ಟಿರ್ಲಿಲ್ಲ ನೀವು.” ಹೀಗೆನ್ನುತ್ತಲೇ ನನ್ನ ಕೈಯಿಂದ ವಾಚು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. “ನನಗ ಬರ್ತೈತೆ. ಹೆದರಬ್ಯಾಡ್ರಿ, ಇಲ್ಲೇ ಕೂಡ್ರಿ.”

ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಹೊಳೆ ದಂಡೆಯಲ್ಲಿ ಬೆಳೆದ ಹುಡುಗಿ ಒಂದೇ ನೆಗೆತಕ್ಕೆ ಕಾಣೆಯಾದಳು. ನೀರು ಕೂಡಿಕೊಂಡಿತು. ನನ್ನ ಕನಸಿನ ಹಸಿರು ಬೆಳಕಿನೊಳಗೆ ಅವಳು ನಿಜವಾಗಿ ಇಳಿದಿದ್ದಳು. ನನಗೆ ಭಯವೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಆಮೇಲೆ ಉಡಲು ಅವಳು ತಂದಿದ್ದ ಒಣ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕುಳಿತೆ.

ಪಕ್ಕದಲ್ಲಿ ಪಂಚೆ ಹಿಂಡುತ್ತಿದ್ದ ಅಜ್ಜನೊಬ್ಬ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, ಓದಿದವನಿರಬೇಕು ಎಂದುಕೊಂಡು ಕೇಳಿದ: “ಟೈಮ್ ಎಷ್ಟಾತ್ರಿ?”

ನಾನು ನೀರಿನ ಮೇಲಿಟ್ಟ ಕಣ್ಣು ಕೀಳಲಿಲ್ಲ.

“ಸ್ವಲ್ಪ ತಡೀರಿ ಅಜ್ಜಾರೆ, ವಾಚು ಇನ್ನೂ ಮೇಲೆ ಬಂದಿಲ್ಲ.”