ಹನುಮೇಶ ಕಂಪ್ಯೂಟರ್ ಹೊಲಿದ ಪ್ರಸಂಗ

ಹನುಮೇಶನಿಗೆ ಒಂದು ಕಾಯಿಲೆ ಇತ್ತು. ಸೊಟ್ಟಗಿದ್ದದ್ದನ್ನು ಕಂಡರೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೀಗರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡಿ, ಆಮೇಲೆ ಎಲೆಯ ಮುಂದೆ ಕೂಡುವ ಪೈಕಿ. ತಪ್ಪು ಪೂರ್ತಿ ಅವನದೇ ಅಲ್ಲ ಬಿಡಿ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ತುಂಬಿಸುವ, ಬಾಯಿ ಹೊಲಿಸುವ, ಗೋದಾಮಿನಲ್ಲಿ ಸಾಲಾಗಿ ಒಟ್ಟಿಸುವ ಉಸ್ತುವಾರಿ ಅವನದು. ಒಂದು ಚೀಲದ ಕಿವಿ ಹೊರಗೆ ಚಾಚಿದ್ದರೂ ಸಾಕು, ಒಟ್ಟಿದ್ದನ್ನೆಲ್ಲ ಇಳಿಸಿ ಮತ್ತೆ ಒಟ್ಟಿಸುತ್ತಿದ್ದ. ಹಮಾಲರು ಅವನ ಹೆಸರು ಹೇಳಿಯೇ ಬೆವರು ಒರೆಸಿಕೊಳ್ಳುತ್ತಿದ್ದರು. (ಹೆಸರಿನ ಜತೆಗೆ ಇನ್ನೇನೇನು ಹೇಳುತ್ತಿದ್ದರೆಂಬುದು ಅಚ್ಚು ಹಾಕಿಸುವ ಮಾತಲ್ಲ.)

ಇಂಥವನ ಮೊಬೈಲಿಗೆ ಶ್ರಾವಣದ ಶುರುವಿನಲ್ಲಿ ಒಂದು ವೀಡಿಯೋ ಬಂದು ಬಿತ್ತು. ಯಾರೋ ಹುಡುಗ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ವಾಯರುಗಳನ್ನೆಲ್ಲ ಅಲ್ಲಲ್ಲೇ ಅಡಗಿಸಿ, ಕಟ್ಟಿ, ಕೊನೆಗೆ ತೋರಿಸಿದ. ಒಂದೇ ಒಂದು ವಾಯರು ಕಣ್ಣಿಗೆ ಬೀಳುತ್ತಿರಲಿಲ್ಲ. ಹನುಮೇಶನಿಗೆ ಕಣ್ಣೀರು ಬರುವುದೊಂದು ಬಾಕಿ.

"ಹೇಮಾ, ನಮ್ಮ ಕಂಪ್ಯೂಟರ್ ಹೊಟ್ಟಿಯೊಳಗ ವಾಯರ್ ಹೆಂಗವ ಅಂತ ಎಂದಾರ ನೋಡೀಯೇನು?"

"ನಾ ಯಾಕ ನೋಡ್ಲಿರಿ? ನಮ್ಮ ಸುಭಾಷ್ ಜೋಡಿಸಿ ಕೊಟ್ಟದ್ದೈತಿ. ಬಂದಾಗಿಂದ ಒಂದ್ ಸಲ ಕೆಮ್ಮಿಲ್ಲ, ಸೀನಿಲ್ಲ."

ಇದೇ ನೋಡಿ, ಹುಣ್ಣಿದ್ದಲ್ಲೇ ಕೈ ಇಡುವುದು ಅಂದರೆ. ಸುಭಾಷ್ ಎಂದರೆ ಹೇಮಾವತಿಯ ತಮ್ಮ, ಕೊಪ್ಪಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಆ ಮನೆಯಲ್ಲಿ ಸಾರಿಗೆ ಉಪ್ಪು ಬೀಳದ ದಿನವಾದರೂ ಇತ್ತು, 'ನಮ್ಮ ಸುಭಾಷ್' ಬೀಳದ ದಿನ ಇರಲಿಲ್ಲ. ಮಿಕ್ಸರ್ ರಿಪೇರಿ ಮಾಡಿದ್ದು ನಮ್ಮ ಸುಭಾಷ್, ಟಿವಿ ಗೋಡೆಗೆ ಏರಿಸಿದ್ದು ನಮ್ಮ ಸುಭಾಷ್. ಹನುಮೇಶ ಈ ಮನೆಯಲ್ಲಿ ಸ್ವಂತ ಕೈಯಿಂದ ಏರಿಸಿದ್ದೆಂದರೆ ತನ್ನ ದನಿ ಮಾತ್ರ, ಅದೂ ಹೆಂಡತಿ ಅಡಿಗೆಮನೆಯಲ್ಲಿದ್ದಾಗ.

ಆ ಕಂಪ್ಯೂಟರ್ ಆಟದ ಸಾಮಾನಾಗಿರಲಿಲ್ಲ. ಸ್ಟುಡಿಯೋ ಇಟ್ಟಿದ್ದ ಶಾನವಾಜ ತೆಗೆದು ತಂದ ಮದುವೆ, ಕುಬಸ, ತೊಟ್ಟಿಲ ಕಾರ್ಯಗಳ ವೀಡಿಯೋಗಳನ್ನು ಹೇಮಾವತಿ ಮನೆಯಲ್ಲೇ ಕೂತು ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ ಕೊಡುತ್ತಿದ್ದಳು. ಊಟಕ್ಕೆ ಜಗಳಾಡಿದ ಬೀಗರೂ ಅವಳ ಕೈಯಲ್ಲಿ ನಗುನಗುತ್ತ ಅಪ್ಪಿಕೊಳ್ಳುತ್ತಿದ್ದರು. ಈಗ ಒಂದು ಮದುವೆಯದು ಮುಗಿಯುತ್ತ ಬಂದಿತ್ತು; ಕೊನೆಯ ಹಾಡೊಂದು ಹಚ್ಚಬೇಕಿತ್ತು. ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವ ದಿನ ಅದನ್ನು ಶಾನವಾಜನ ಕೈಗೆ ಹಾಕಿ, ಕರೆಯಲು ಬಂದ ತಮ್ಮನ ಕಾರಿನಲ್ಲಿ ಹಿಟ್ನಾಳದ ತವರಿಗೆ ಹೊರಡುವುದೆಂದು ಲೆಕ್ಕ. ಹೋದ ಪಂಚಮಿಗೆ ಅತ್ತೆ ಹುಲಗೆಮ್ಮ ಕಾಲು ಉಳುಕಿಸಿಕೊಂಡಿದ್ದಳು. ಅದರ ಹಿಂದಿನದಕ್ಕೆ ಕೆಲಸವೇ ಬಿಟ್ಟಿರಲಿಲ್ಲ; ಹೀಗೆ ಎರಡು ವರ್ಷ ತವರು ತಪ್ಪಿತ್ತು. ಈ ಸಲ ಹೇಮಾವತಿ ವಾರದ ಮುಂಚೆಯೇ ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು.

ಹಾಲೆರೆಯುವ ಹಿಂದಿನ ದಿನ, ರೊಟ್ಟಿ ಹಬ್ಬದ ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೂ ಬಳೆ ಇಡಿಸಿಕೊಳ್ಳಲು ಪೇಟೆಗೆ ಹೋದರು. ಹನುಮೇಶ ಬಾಗಿಲು ಹಾಕಿಕೊಂಡ. ಹೇಮಾವತಿಯೇ ಹೊಲಿದ ಹೂವಿನ ಗವಸು ಹೊದ್ದು ಡಬ್ಬಿ ಗೋಡೆಗೆ ಒರಗಿ ಕೂತಿತ್ತು. ಈಚೆ ಬದಿಯ ಗವಸು ಮೇಲೆತ್ತಿ, ತಿರುಪು ತಿರುವಿ, ತಗಡು ಸರಿಸಿದ.

"ಯಪ್ಪಾ ಶಿವನೇ!"

ಕರಿ ವಾಯರು, ಕೆಂಪು ವಾಯರು, ದಪ್ಪದ್ದು, ತೆಳ್ಳಗಿದ್ದು, ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಹನುಮೇಶನ ಎದೆ ಧಸಕ್ ಅಂದಿತು. ಆಮೇಲೆ ಅದೇ ಎದೆ ಎರಡು ಗೇಣು ಉಬ್ಬಿತು. ಸುಭಾಷ್ ಸಿಕ್ಕಿಬಿದ್ದಿದ್ದ!

ಬಗ್ಗಿ ನೋಡಿದರೆ ವಾಯರುಗಳ ಹಿಂದೆ ಒಂದು ಕಬ್ಬಿಣದ ಅಡ್ಡಗೋಡೆ, ಅದರಲ್ಲಿ ಅಲ್ಲಲ್ಲಿ ತೂತು. ತೂತಿನ ಆಚೆ ಕತ್ತಲು, ಬೇಕಾದಷ್ಟು ಜಾಗ.

"ಇಷ್ಟ್ ದೊಡ್ಡ ಗೋದಾಮು ಖಾಲಿ ಬಿಟ್ಟು, ಮಾಲೆಲ್ಲಾ ಬಾಗಲದಾಗ ಸುರುವಿ ಹೋಗ್ಯಾನಲ್ಲೋ ಮಾರಾಯ!" ಎಂದು ತನಗೆ ತಾನೇ ಹೇಳಿಕೊಂಡು ನಕ್ಕ.

ವೀಡಿಯೋದ ಹುಡುಗ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದ. ಪ್ಲಾಸ್ಟಿಕ್ ಪಟ್ಟಿಯಂತೆ, ಪಟ್ಟಿ! ಗಿರಣಿಯ ಮನುಷ್ಯನ ಮನೆಯಲ್ಲಿ ಸುತಳಿಗೆ ಬರವೇ? ಚೀಲದ ಬಾಯಿ ಹೊಲಿಯುವ ದಬ್ಬಣವನ್ನೂ ಸುತಳಿಯ ಉಂಡೆಯನ್ನೂ ತಂದು ಚಕ್ಕಳಮಕ್ಕಳ ಹಾಕಿ ಕೂತ. ವಾಯರುಗಳನ್ನು ಎಳೆದು, ಮಡಚಿ, ತೂತುಗಳಿಂದ ಆಚೆಗೆ ತುರುಕಿದ. ಅವು ಮತ್ತೆ ಹೊರಗೆ ತಲೆ ಹಾಕದಂತೆ ಈ ತೂತಿನಿಂದ ದಬ್ಬಣ ಒಳಗೆ ಬಿಟ್ಟು ಆ ತೂತಿನಿಂದ ಹೊರಗೆ ಎಳೆದು ಹೊಲಿಗೆ ಹಾಕಿದ. ಕತ್ತಲಲ್ಲಿ ಎಂಥದೋ ಒಂದು ಗರಗರ ಅಲುಗಾಡಿತು. ಅಲುಗಾಡುವ ಮಾಲು ಗೋದಾಮಿಗೆ ಕೇಡು ಎಂದು ಅದಕ್ಕೂ ಬಿಗಿಯಾಗಿ ಸುತಳಿ ಬಿಗಿದ. (ಅದು ಫ್ಯಾನು ಎಂಬುದು ಅವನಿಗೆ ಮರುದಿನ ತಿಳಿಯಿತು.) ಪ್ರತಿ ಹೊಲಿಗೆಗೂ ಗಿರಣಿಯ ಗಂಟು ಹಾಕಿದ. ಲಾರಿಯ ಮೇಲಿಂದ ಚೀಲ ಬಿದ್ದರೂ ಬಿಚ್ಚದ ಗಂಟು ಅದು.

ಚಾಲೂ ಮಾಡಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಲಿದ ಚೀಲವನ್ನು ಯಾರಾದರೂ ಚಾಲೂ ಮಾಡಿ ನೋಡುತ್ತಾರೆಯೇ? ತಗಡು ಮುಚ್ಚಿ, ಗವಸು ಇಳಿಬಿಟ್ಟು, ಏನೂ ಅರಿಯದವನಂತೆ ಚಹಾ ಕುಡಿಯುತ್ತ ಕೂತ. ನಾಳೆ ಸುಭಾಷನ ಎದುರಿಗೇ ಉದ್ಘಾಟನೆ ಎಂದು ಗುಟ್ಟು ಹೊಟ್ಟೆಯಲ್ಲೇ ಇಟ್ಟುಕೊಂಡ.

ಮರುದಿನ ಹುಲಗೆಮ್ಮ ನಾಗಪ್ಪನಿಗೆ ಹಾಲೆರೆದು ಬರುವ ಹೊತ್ತಿಗೆ ಸುಭಾಷನ ಕಾರು ಬಂದು ನಿಂತಿತು. ಹೇಮಾವತಿ ಹೊಸ ಬಳೆ ಗಲಗಲ ಅನಿಸುತ್ತ ಕೊನೆಯ ಹಾಡು ಹಚ್ಚಲು ಕೂತು ಗುಂಡಿ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು.

"ರೀ, ಯಾಕೋ ಚಾಲೂನ ಆಗವಲ್ದು."

"ಆಗ್ತೈತಿ ತಡಿ. ಮೊದ್ಲ ದರ್ಶನ ಆಗ್ಲಿ," ಎಂದು ಹನುಮೇಶ ಎದ್ದು ಬಂದ. "ಬಾರಪಾ ಸುಭಾಷ್, ನೀ ಮಾಡಿದ ಕೆಲ್ಸ ನೋಡ್ದೆ. ನಾ ಮಾಡಿದ್ದೂ ಒಂದೀಟು ನೋಡು." ಜಾದೂಗಾರನ ಹಾಗೆ ತಗಡು ಸರಿಸಿದ. ಒಳಗೆ ಕಬ್ಬಿಣದ ಅಡ್ಡಗೋಡೆ, ಅದರ ಮೇಲೆ ನೆಟ್ಟಗೆ ಸುತಳಿಯ ಹೊಲಿಗೆ. ಅಷ್ಟೇ.

ಸುಭಾಷನ ಬಾಯಿ ತೆರೆಯಿತು. ಮೆಚ್ಚಿಕೊಂಡ ಎಂದು ಹನುಮೇಶ ತಿಳಿದ.

"ಮಾಮಾ... ವಾಯರ್ ಎಲ್ಲಾ ಎಲ್ಲಿ ಹೋದುವ್ರಿ?"

"ಅದ ಮಜಾ! ಹುಡುಕು ನೋಡೂಣು."

ಸುಭಾಷ್ ಹುಡುಕಲಿಲ್ಲ. ಸುಮ್ಮನೆ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ, ಗೋಡೆಯ ಕಡೆ ಇದ್ದ ಗವಸು ಎತ್ತಿದ. ಆ ಬದಿಗೆ ತಗಡು ಇರಲಿಲ್ಲ. ಸ್ವಚ್ಛವಾದ ಗಾಜು ಇತ್ತು. ಗಾಜಿನ ಹಿಂದೆ ಒಳಗಿನ ಅಷ್ಟೂ ವಾಯರು ಕರುಳು ಕಿತ್ತು ಬಂದ ಹಾಗೆ ಗುಂಪಾಗಿ ಮುಖ ಒತ್ತಿಕೊಂಡು ನಿಂತಿದ್ದವು. ನಡುವೆ ಫ್ಯಾನಿಗೆ ಕೈಕಾಲು ಕಟ್ಟಿತ್ತು.

"ಅಯ್ಯ ನಮ್ಮವ್ವಾ!" ಹೇಮಾವತಿ ಎದೆಗೆ ಕೈ ಹಚ್ಚಿಕೊಂಡಳು.

ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಹನುಮೇಶನಿಗೇ. "ಇಲ್ಲಿ ಗಾಜು ಯಾವಾಗ ಬಂತು?"

"ಹುಟ್ಟಿದಾಗಿಂದ ಐತ್ರಿ ಮಾಮಾ. ಇದು ಮಕ. ನೀವು ನಿನ್ನಿ ಬಿಚ್ಚಿದ್ದು ಬೆನ್ನು. ಈ ಕಡೆ ಕಾಣಬಾರ್ದಂತ ನಾನ ಎಲ್ಲಾ ವಾಯರ್ ಬೆನ್ನಿನ ಕಡೆ ಮುಚ್ಚಿಟ್ಟಿದ್ನಿ."

"ಮತ್ತ ಮಕ ಗ್ವಾಡಿಗೆ ಮಾಡಿ ಯಾಕಿಟ್ಟೀರಿ? ಯಾರು ಇಟ್ಟಾರದು?" ಎಂದು ಹನುಮೇಶ ರೇಗಿದ.

"ನಾನ ತಿರುವಿಟ್ಟೀನಿ," ಅಂದಳು ಹುಲಗೆಮ್ಮ, ಹಾಲಿನ ಗಿಂಡಿ ಕೆಳಗಿಟ್ಟು. "ಕೆಂಪು ದೀಪ, ಹಸುರು ದೀಪ ಹಚ್ಚಿ ನನಗ ಕಣ್ಣು ಹೊಡಿತಿತ್ತು. ಮೊಮ್ಮಕ್ಕಳ ಕಾಣೂ ವಯಸ್ಸಿನಾಕಿಗೆ ಕಣ್ಣು ಹೊಡಿಯೂದಂದ್ರೇನು?"

"ರವಿಕಿ ತಿರುವಿ ಒಳಮೈ ನೋಡಿ ಟೇಲರ್‌ಗ ಬೈದಂಗ ಮಾಡೀರಲ್ರೀ!" ಹೇಮಾವತಿಯ ದನಿ ಮೊದಲು ಏರಿತು, ಆಮೇಲೆ ಒಡೆಯಿತು. "ಸಂಜಿಗೆ ಮದುವಿ ಮನಿಯವ್ರು ಶಾನವಾಜಣ್ಣನ ಅಂಗಡಿಗೆ ಬರ್ತಾರ. ಇದನ್ನ ಕೊಡದ ನಾ ಹೆಂಗ ಹೋಗ್ಲಿ? ಈ ವರ್ಷದ ಪಂಚಮೀನೂ ಹೋತು ನಂದು."

ಅವಳ ಕಣ್ಣು ಬಾಗಿಲ ಹಿಂದಿನ ಬ್ಯಾಗಿನ ಮೇಲೆ ಹೋಯಿತು. ಹೆಂಡತಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹನುಮೇಶನಿಗೆ ಅದು ರೂಢಿ ಇತ್ತು. ಅವಳು ಅತ್ತಳು.

"ಅಳಬ್ಯಾಡ ಮಾರಾಯ್ತಿ. ಒಂದ್ ಚಣದಾಗ ಬಿಚ್ಚಿಬಿಡ್ತೀನಿ. ಕತ್ತರಿ ತಾ."

"ಕತ್ತರಿ?" ಹುಲಗೆಮ್ಮ ನಡುವೆ ಬಂದು ನಿಂತಳು. "ಇವತ್ತ ಏನ್ ದಿನ ಅನ್ನೂದು ನೆಪ್ಪೈತೇನೋ? ಈಗರ ನಾಗಪ್ಪಗ ಹಾಲೆರದು ಬಂದೀನಿ. ಕತ್ತರಿ ಇಲ್ಲ, ಚಾಕು ಇಲ್ಲ, ಈಳಗಿ ಇಲ್ಲ. ಒಂದ್ ಬದ್ನಿಕಾಯಿ ಹೆಚ್ಚಿಲ್ಲ ನಾ. ನೀ ಹಾವಿನಂಥ ವಾಯರ್ ಮ್ಯಾಲ ಕತ್ತರಿ ಆಡಿಸ್ತೀಯಾ?"

"ಯವ್ವಾ, ವಾಯರ್ ಅಲ್ಲಬೇ, ಸುತಳಿ ಅಷ್ಟ ಕತ್ತರಸ್ತೀನಿ."

"ಅವು ಕರೀ ಹಾವು, ಇದು ಕೇರೀ ಹಾವು. ನನ್ನ ಮನ್ಯಾಗ ಇವತ್ತ ಯಾವ ಹಾವಿಗೂ ಕಬ್ಬಣ ಮುಟ್ಟಂಗಿಲ್ಲ."

ಊದುಬತ್ತಿಯಿಂದ ಸುಡೋಣ ಎಂದು ಹನುಮೇಶ ಅಂದ. ಅವ್ವ ಅವನನ್ನೇ ಸುಡುವ ಹಾಗೆ ನೋಡಿದಳು. ಸುಭಾಷ್ ಉಗುರು ಹಾಕಿ ಜಗ್ಗಿದ. ಉಗುರು ಬಂತು, ಗಂಟು ಬರಲಿಲ್ಲ.

"ಎಂಥಾ ಗಂಟ್ರೀ ಮಾಮಾ ಇದು?"

"ಗಿರಣಿ ಗಂಟು. ಯಪ್ಪ ಬಂದ್ರೂ ಬಿಚ್ಚಂಗಿಲ್ಲ," ಎಂದು ಹನುಮೇಶ ಅಭ್ಯಾಸಬಲದಿಂದ ಮೀಸೆಯ ಮೇಲೆ ಕೈ ಒಯ್ದ. ಹೆಂಡತಿಯ ಮುಖ ಕಂಡು ಕೈ ಇಳಿಸಿದ.

ಕೊನೆಗೆ ತೀರ್ಪು ಕೊಟ್ಟವಳು ಹುಲಗೆಮ್ಮನೇ. "ಹಲ್ಲಿಲೆ ಬಿಚ್ಚು. ಹಲ್ಲು ಕಬ್ಬಣಲ್ಲ."

"ಬಿಡ್ರಿ ಯವ್ವಾ, ನಾ ಬಿಚ್ಚತೀನಿ," ಎಂದು ಸುಭಾಷ್ ಬಗ್ಗಿದ.

"ಅಯ್ಯ! ಹಬ್ಬಕ್ಕ ಬಂದ ಬೀಗರ ಹುಡುಗ ಸುತಳಿ ಕಚ್ಚೂದೇನು? ಗಂಟು ಹಾಕಿದಾವ ಬಿಚ್ಚಲಿ."

ಹೀಗೆ, ಹಮಾಲರನ್ನು ನಡುಗಿಸಿದ ಹನುಮೇಶ, ಹಬ್ಬಕ್ಕೆಂದು ತೊಟ್ಟ ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಬೋರಲು ಬಿದ್ದು, ಕಂಪ್ಯೂಟರಿನ ಡಬ್ಬಿಯೊಳಗೆ ಮೂತಿ ಇಟ್ಟ. ಮೊದಲ ಗಂಟಿಗೆ ಬಾಯಿ ತುಂಬ ನಾರು. ಎರಡನೆಯದಕ್ಕೆ ತೌಡಿನ ರುಚಿ. ಆಮೇಲಾಮೇಲೆ ರುಚಿ ತಿಳಿಯುವುದೇ ನಿಂತಿತು. ಹಲ್ಲು ಜುಮ್ಮೆಂದು, ದವಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯಿತು. 'ಇಷ್ಟು ಗಟ್ಟಿ ಯಾಕ ಹಾಕಿದ್ಯೋ ಮೂಳಾ' ಎಂದು ತನ್ನನ್ನೇ ಬೈದುಕೊಳ್ಳಲು ಹೋದರೆ ಬಾಯಿ ಖಾಲಿ ಇರಲಿಲ್ಲ.

ಅಷ್ಟರಲ್ಲಿ ಶಾನವಾಜ ಬಾಗಿಲಿಗೆ ಬಂದ. "ಹೇಮಕ್ಕಾ, ವೀಡಿಯೋ ರೆಡಿ..." ಅಂದವನು ಅಲ್ಲೇ ಕಲ್ಲಾದ. ಕಂಪ್ಯೂಟರಿನೊಳಗೆ ತಲೆ ಹಾಕಿ ಗುರ್‌ಗುರ್ ಎನ್ನುತ್ತ ಏನನ್ನೋ ಹರಿಯುತ್ತಿದ್ದ ಮನೆಯ ಯಜಮಾನನನ್ನು ನೋಡಿದ, ಸುತ್ತ ನಿಂತು ಶಾಂತವಾಗಿ ನೋಡುತ್ತಿದ್ದ ಮನೆಮಂದಿಯನ್ನು ನೋಡಿದ, ಒಂದು ಹೆಜ್ಜೆ ಹಿಂದೆ ಇಟ್ಟ. "ಯಾ ಅಲ್ಲಾ... ಅಣ್ಣಾರ್ದು ಊಟ ಆಗ್ಲಿರಿ. ನಾ ಆಮ್ಯಾಲ ಬರ್ತೀನಿ."

ಕೊನೆಯ ಗಂಟು ಬಿಚ್ಚಿದಾಗ ಹೇಮಾವತಿ ದೇವರಿಗೆ ಕೈ ಮುಗಿದಳು. ಹನುಮೇಶ ಎಳೆದಾಟದಲ್ಲಿ ಕಿತ್ತಿದ್ದ ಸಣ್ಣದೊಂದು ಪಿನ್ನನ್ನು ಸುಭಾಷ್ ಹುಡುಕಿ ಚುಚ್ಚಿದ. ಡಬ್ಬಿ ಗುಂಯ್ ಎಂದಿತು, ಪರದೆಯ ಮೇಲೆ ಮದುಮಕ್ಕಳು ನಕ್ಕರು. ಹಾಡು ಹಚ್ಚಿ ಮುಗಿಯಿತು, ತಿರುಗಿ ಬಂದ ಶಾನವಾಜ ಬಾಗಿಲಾಚೆಯೇ ನಿಂತು ವೀಡಿಯೋ ಇಸಿದುಕೊಂಡು ಹೋದ. (ಒಳಗೆ ಬಾ ಎಂದರೂ ಬರಲಿಲ್ಲ.) ಒಳಗೆ ಉಳಿದ ನಾರನ್ನೆಲ್ಲ ತೆಗೆದು ವಾಯರು ಮೊದಲಿನಂತೆ ಕೂರಿಸುವುದು ನಿಧಾನದ ಕೆಲಸವೆಂದು ಸುಭಾಷ್ ಡಬ್ಬಿಯನ್ನೂ ಕಾರಿನಲ್ಲಿ ಇಟ್ಟುಕೊಂಡ. ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಹೊತ್ತು ಕೂತ ಹನುಮೇಶ ಹಿಟ್ನಾಳದ ತನಕ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಗಾಳಿ ಹಲ್ಲಿಗೆ ತಾಗುತ್ತಿತ್ತು.

ತವರಿನಲ್ಲಿ ಹೇಮಾವತಿಯ ತಾಯಿ ಪಕ್ಕೀರವ್ವ ಅಳಿಯನ ಮುಂದೆ ಉಂಡಿಯ ತಾಟು ಇಟ್ಟಳು. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ. ಗಟ್ಟಿ ಬೆಲ್ಲದ ಪಾಕದಲ್ಲಿ ಕಟ್ಟಿದವು, ಕಲ್ಲಿನಂಥವು. ಹನುಮೇಶನಿಗೆ ಜೀವಕ್ಕಿಂತ ಪ್ರಿಯವಾದವು. ಆಸೆ ತಡೆಯದೆ ಒಂದನ್ನು ಬಾಯಿಗಿಟ್ಟು ಕಚ್ಚಿದ. ಸಿಡಿಲು ಹಲ್ಲಿನಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಿತ್ತು.

"ಯಾಕ್ರೀ ಅಳಿಯಂದಿರ? ಪಾಕ ಕೆಟ್ಟೈತೇನ್ರಿ?" ಪಕ್ಕೀರವ್ವ ಗಾಬರಿಯಾದಳು.

ಹೇಮಾವತಿ ತಾಯಿಯ ಕಿವಿಯಲ್ಲಿ ಏನೋ ಉಸುರಿದಳು. ಪಕ್ಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಲ್ಲಿ ಪಾತ್ರೆಗಳ ಜತೆಗೆ ಇನ್ನೂ ಯಾರ್ಯಾರೋ ಉರುಳಾಡಿ ನಕ್ಕ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಬಟ್ಟಲೊಂದನ್ನು ತಂದಿಟ್ಟಳು. ಹಾಲಿನಲ್ಲಿ ಮೆತ್ತಗೆ ಕಲೆಸಿದ ಅಳ್ಳಿಟ್ಟು; ಅಗಿಯುವುದೇ ಬೇಡ. ಅಂಥದೇ ಇನ್ನೊಂದು ಬಟ್ಟಲು ಪಕ್ಕದಲ್ಲಿ ಕೂತಿದ್ದ ಹೇಮಾವತಿಯ ಅಜ್ಜ ಹುಚ್ಚೀರಪ್ಪನ ಕೈಯಲ್ಲಿತ್ತು.

ಅಜ್ಜ ಅಳಿಯನ ಬಟ್ಟಲು ನೋಡಿದ, ತನ್ನ ಬಟ್ಟಲು ನೋಡಿದ.

"ಅಲ್ಲಪಾ, ಇಷ್ಟ್ ಸಣ್ಣ ವಯಸ್ಸಿಗೆ ನಿನ್ನ ಹಲ್ಲಿಗೇನಾತು?"

ಹನುಮೇಶ ಮೂಲೆಯತ್ತ ಬೆರಳು ತೋರಿಸಿದ. ಅಲ್ಲಿ ಸ್ಟೂಲಿನ ಮೇಲೆ ಸುಭಾಷ್ ಹಚ್ಚಿಟ್ಟ ಡಬ್ಬಿ ಗಾಜಿನ ಮುಖ ಈಚೆ ಮಾಡಿ ಕೆಂಪು, ಹಸಿರು ದೀಪ ಮಿಟುಕಿಸುತ್ತ ಕೂತಿತ್ತು.

"ಕಂಪ್ಯೂಟರ್, ಅಜ್ಜಾ."

ಹುಚ್ಚೀರಪ್ಪನ ಕೈ ಬಟ್ಟಲಲ್ಲೇ ನಿಂತಿತು. ಡಬ್ಬಿಯನ್ನೇ ದಿಟ್ಟಿಸಿದ. ಮತ್ತೊಮ್ಮೆ ಅಳಿಯನ ಊದಿದ ದವಡೆ ನೋಡಿದ. ಬಾಯಿಗೆ ಅಡ್ಡ ಅಂಗೈ ಹಿಡಿದು ಮನೆ ಅದುರುವಂತೆ ಕೂಗಿದ:

"ಲೇ ಸುಭಾಷಾ! ಆ ಡಬ್ಬಿ ಮೊದ್ಲ ಹೊರಗ ಒಯ್ದು ಇಡೋ! ನನಗ ಉಳದಿದ್ದು ಎರಡ ಅವ!"