ಸಮುದ್ರಕ್ಕ ಬಿದ್ದ ಏಕಾದಶಿ

ನಾ ಹುಟ್ಟಿಸಿ ಹೇಳಾಕತ್ತೀನಿ ಅಂತ ಮಂದಿ ಅಂತಾರ. ಹೈದರಾಬಾದಿನ ಅಬಿಡ್ಸ್‌ನಾಗ ವಿಮಾನದ ಟಿಕೆಟ್ ಮಾಡೋ ಅಂಗಡಿ ಇಟ್ಟವಗ ಹುಟ್ಟಿಸೋ ಗರಜೇ ಇಲ್ರಿ, ಇಂಥಾವು ತಾವಾಗೇ ಬಾಗಲಾ ದಾಟಿ ಒಳಗ ಬರತಾವ. ಸಾಫ್ಟ್‌ವೇರ್ ಹವಾ ಜೋರಿದ್ದ ಕಾಲ ಅದು. ನನ್ನ ಟೇಬಲ್ ಮ್ಯಾಲೆ ಒಂದು ಗ್ಲೋಬು. ಬಂದವರೆಲ್ಲಾ ಅದನ್ನ ಒಮ್ಮೆ ತಿರುಗಿಸಿ ಕೇಳೋರು, "ಎಷ್ಟು ದೂರ? ಎಷ್ಟು ತಾಸು?"

೧

ಬೇಗಂ ಬಜಾರಿನ ಕಿರಾಣಿ ಅಂಗಡಿ ರಾಯರು, ಹೆಂಡ್ತಿ ಕರಕೊಂಡು ಬಂದ್ರು. ಮೂಲ ಗುಲ್ಬರ್ಗಾದವರು. ರಾಯರ ಹೆಂಡ್ತೀನ ನಾ ಕಾಕು ಅಂತೀನಿ, ಅವರದು ಭಾಳ ಮಡಿ. ಸ್ಯಾನ್ ಫ್ರಾನ್ಸಿಸ್ಕೋದಾಗ ಮಗಳ ಕೂಸಿನ ತೊಟ್ಟಲಕ್ಕ ಹೊರಟಿದ್ರು.

"ಹದಿಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ಆಗತೈತ್ರಿ. ನಡುವ ಇಳಿದು ಹತ್ತೋದು ಸೇರಿ ಇಪ್ಪತ್ನಾಕು ತಾಸು" ಅಂದೆ.

ರಾಯರು ಟೈಮಿನ ಚೀಟಿ ಓದಿದ್ರು. "ಮಂಗಳವಾರ ನಸುಕಿನ್ಯಾಗ ಮೂರಕ್ಕ ಬಿಟ್ಟು, ಮಂಗಳವಾರನೇ ಮಧ್ಯಾಹ್ನ ಎರಡೂವರಿಗೆ ಮುಟ್ಟತದ ಅಂತ ಬರದದಲ್ಲೋ! ಹನ್ನೊಂದೂವರಿ ತಾಸಾತು."

"ಅಲ್ಲಿ ಗಡಿಯಾರ ನಮಗಿಂತ ಹನ್ನೆರಡೂವರಿ ತಾಸು ಹಿಂದ ಐತ್ರಿ. ಅಷ್ಟು ಮಂಗಳವಾರ ಉದ್ದ ಆಗತೈತಿ."

ಕಾಕು ಚೀಲದಾಗಿಂದ ಪಂಚಾಂಗ ತಗದ್ರು. "ಅವತ್ತು ಏಕಾದಶಿ."

ರಾಯರ ಮಾರಿ ಸಣ್ಣದಾತು. ಎರಡು ತಾಸಿಗೊಮ್ಮೆ ಬಾಯಾಡಸೋ ಮನಷ್ಯಾ. ಏಕಾದಶಿ ಬಂದ್ರ ಕಾಕುನ ಎದುರು ಬರೇ ನೀರಿನ ಮ್ಯಾಲೆ ಇರಬೇಕು.

"ಮೂವತ್ತಾರೂವರಿ ತಾಸಿನ ಏಕಾದಶಿ! ಗುರುವಾರದ್ದು ಮಾಡೋ ಮಹಾರಾಯಾ."

೨

ಮರುದಿನ ರಾಯರು ಒಬ್ಬರೇ ಬಂದ್ರು. "ತಿರುಗಿ ಬರೋವಾಗೂ ದಿನಾ ಉದ್ದ ಆಗತದೇನೋ?"

"ಇಲ್ರಿ, ಗಿಡ್ಡ ಆಗತೈತಿ." ಗ್ಲೋಬು ತಿರುಗಿಸಿ ಪೆಸಿಫಿಕ್ ಸಮುದ್ರದ ದಾರಿ ತೋರಿಸಿದೆ. "ಹಿಂಗ ಬಂದ್ರ, ಶುಕ್ರವಾರ ರಾತ್ರಿ ಹತ್ತಿ ಐತವಾರ ಮುಂಜಾನೆ ಹಾಂಗ್‌ಕಾಂಗಿನಾಗ ಇಳೀತೀರಿ."

"ಶನಿವಾರ ಎಲ್ಲಿ ಹೋತು?"

"ಸಮುದ್ರಕ್ಕ ಬೀಳತೈತ್ರಿ."

ರಾಯರು ಕೋಟಿನ ಕಿಸೆದಾಗಿಂದ ಪಂಚಾಂಗ ತಗದ್ರು, ಕಾಕುಗೆ ಗೊತ್ತಾಗದಂಗ ತಂದಿದ್ರು. ಏಕಾದಶಿ ಬಿದ್ದ ಶನಿವಾರ ಹುಡುಕಿ, ಅದರ ಹಿಂದಿನ ದಿನದ ಟಿಕೆಟ್ಟೇ ಮಾಡಿಸಿದ್ರು.

"ತಪ್ಪಲ್ಲೇನ್ರಿ?" ಅಂದೆ.

"ದಿನಾನೇ ಬರಲಿಲ್ಲಂದ್ರ ನಂದೇನೋ ತಪ್ಪು?"

೩

ಮೂರು ತಿಂಗಳ ಮ್ಯಾಲೆ ಇಬ್ಬರೂ ಬಂದ್ರು. ರಾಯರು ಬಂದವರೇ ಕುರ್ಚಿ ಮ್ಯಾಲೆ ಕುಂತ್ರು.

"ಪ್ರಯಾಣ ಹೆಂಗಾತ್ರಿ ಕಾಕು?"

"ಭಾಳ ಚಲೋ ಆತಪಾ! ಅಲ್ಲಿ ಗುಡಿ ಪಂಚಾಂಗದಾಗ ಏಕಾದಶಿ ಒಂದಿನ ಮೊದಲೇ, ಶುಕ್ರವಾರ ಇತ್ತು. ಇಬ್ಬರೂ ಉಪವಾಸ ಮಾಡಿದ್ವಿ. ರಾತ್ರಿ ವಿಮಾನ ಹತ್ತಿ ಕೈಗಡಿಯಾರ ನೋಡ್ತೀನಿ, ಅದರ ಮುಳ್ಳು ನಾ ತಿರುಗಿಸೇ ಇಲ್ಲ, ತಾರೀಖು ಸುದ್ದಾ ಹೈದರಾಬಾದಿಂದೇ. ಇಲ್ಲಿ ಶನಿವಾರ ಮಧ್ಯಾಹ್ನ ಹನ್ನೆರಡು! ನಮ್ಮ ಪಂಚಾಂಗದ ಏಕಾದಶಿ! ಇವರು ಅಷ್ಟೊತ್ತಿಗೆ ಊಟದ ತಾಟು ಇಸಕೊಂಡಿದ್ರು. ಕೈಯಾಗಿಂದ ಕಸದು ವಾಪಸ್ ಕೊಟ್ಟೆ."

ಕಾಕು ನನ್ನ ಕೈಯಾಗ ಪೇಡೆ ಇಟ್ರು. "ಒಂದೇ ಪಕ್ಷದಾಗ ಎರಡು ಏಕಾದಶಿ ಪುಣ್ಯ, ನಿನ್ನಿಂದ. ಬರೋ ವರ್ಷನೂ ಇದೇ ದಾರೀಲೆ ಟಿಕೆಟ್ ಮಾಡು."

ನಾ ನಗು ತಡಕೊಂಡು ರಾಯರ ಕಡೆ ನೋಡಿದೆ. ಅವರು ಗ್ಲೋಬನ್ನ ಆಚೆ ಸರಿಸಿ, ಸಣ್ಣ ದನೀಲೆ ಕೇಳಿದ್ರು:

"ತಮ್ಮಾ, ಅಮೆರಿಕಾಕ್ಕ ಬಸ್ ಅದ ಏನೋ? ನಾಷ್ಟಾಕ್ಕ ನಿಲ್ಲಸೋವಂಥಾದ್ದು?"