ನಮ್ಮ ಮನೆಯ ನೀರು, ಓಣಿಯ ಗುಂಡಿ

ಸುದ್ದಿ ಬರೆಯುವವರ ಕಸುಬಿನಲ್ಲಿ ಒಂದು ಅನುಕೂಲವಿದೆ. ಬೇರೆಯವರ ಮನೆಯ ಮುಂದೆ ನೀರು ನಿಂತರೆ ಅದಕ್ಕೆ ಕಾರಣ ಯಾರೆಂದು ನಮಗೆ ಕೂತಲ್ಲೇ ತಿಳಿದುಬಿಡುತ್ತದೆ. ಬಸವಕಲ್ಯಾಣದಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಒಡೆದ ಪೈಪು, ತುಂಬಿದ ಚರಂಡಿ, ಕೆಟ್ಟ ಕೊಳವೆಬಾವಿ ಇವುಗಳ ಮೇಲೆ ನಾನು ಬರೆದದ್ದನ್ನೆಲ್ಲ ಒಂದಕ್ಕೊಂದು ಅಂಟಿಸಿದರೆ ನಾರಾಯಣಪುರದವರೆಗೆ ಹಾಸಬಹುದು. ಎಲ್ಲದರ ಕೊನೆಯ ಸಾಲೂ ಒಂದೇ: ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೇ? ಹೋದ ರಮಜಾನಿಗೆ ಮುಂಚೆ, ಆ ಸಂಬಂಧಪಟ್ಟವನು ನಾನೇ ಆಗಿದ್ದೆ.

ನಮ್ಮ ಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದದ್ದು ಹೆಂಡತಿ ಶಶಿಕಲಾಳ ಹಟದಿಂದ. ಕೂಡಿಸಲು ಬಂದವನು ಅದರ ಹೊಲಸು ನೀರಿನ ಪೈಪನ್ನು ಗೋಡೆಯ ತೂತಿನಿಂದ ಓಣಿಯ ಕಡೆಗೆ ಇಳಿಸಿ, ಅಲ್ಲಿಯ ಚರಂಡಿ ಪೈಪಿನ ಬಾಯಿಗೆ ಸೇರಿಸಿ, ಉಕ್ಕಿನ ಕ್ಲಿಪ್ ಹಾಕಿ ಬಿಗಿದು ಹೋಗಿದ್ದ. ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ತನ್ನ ಪಾಡಿಗೆ ಕೆಲಸ ಮಾಡುವ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರದು. ಗೋಡೆಗೆ ಬಣ್ಣ ಹಚ್ಚುವ ನೆಪದಲ್ಲಿ ನಾನೇ ಬಿಚ್ಚಿದೆ, ನಾನೇ ಜೋಡಿಸಿದೆ. ಅಷ್ಟರಲ್ಲಿ ಕ್ಲಿಪ್ ಎಲ್ಲೋ ಬಿದ್ದುಹೋಗಿತ್ತು. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಸುತ್ತಿ, ಗಂಟು ಹಾಕಿ, ಮೇಲೊಂದು ಹಾಸುಗಲ್ಲು ಮುಚ್ಚಿದೆ. ಕಬ್ಬು ಹೊರುವ ಟ್ರ್ಯಾಕ್ಟರಿನ ದೀಪದಿಂದ ಹಿಡಿದು ಕುರ್ಚಿಯ ಕಾಲಿನವರೆಗೆ ನಮ್ಮ ಕಡೆ ಸೈಕಲ್ ಟ್ಯೂಬಿನಿಂದ ಕಟ್ಟದ ವಸ್ತುವೇ ಇಲ್ಲ. ಗಂಟು ಸಡಿಲಾದರೂ ಕಟ್ಟಿದವನ ವಿಶ್ವಾಸ ಸಡಿಲಾಗುವುದಿಲ್ಲ.

ಕೆಲವೇ ದಿನಗಳಲ್ಲಿ ಎದುರುಮನೆಯ ಖಾಲಾನ ಬಾಗಿಲ ಮುಂದೆ ನೀರು ನಿಲ್ಲತೊಡಗಿತು. ಇಡೀ ಓಣಿಗೇ ಖಾಲಾ, ಅಂದರೆ ಚಿಕ್ಕಮ್ಮ, ಆದ ಈ ಹಿರಿಯರು ರಮಜಾನ್ ಹತ್ತಿರ ಬಂದಾಗ ಶ್ಯಾವಿಗೆ ಮಾಡಿ ಮಾರುತ್ತಾರೆ. ಅವರ ಮನೆಗೆ ಬಿಸಿಲು ಬೀಳುವುದು ಬಾಗಿಲ ಮುಂದೆ ಮಾತ್ರ. ಅಲ್ಲಿ ಕೆಸರಾದರೆ ಮಂಚ ಹಾಕುವಂತಿಲ್ಲ, ಮಂಚವಿಲ್ಲದೆ ಶ್ಯಾವಿಗೆ ಒಣಗುವಂತಿಲ್ಲ.

“ಪೇಪರ್‌ಭಾಯಿ, ಇದರ ಮ್ಯಾಲ ಏನರ ಬರೀರಿ,” ಅಂದರು. “ಎಲ್ಲೋ ಪೈಪ್ ಒಡದಾದ ಕಾಣ್ತದ.”

“ನೋಡಿ ಬರೀತೀನ್ರಿ ಖಾಲಾ.”

“ಹ್ಞಾಂ. ಮೊದಲ ಬಂದು ನೋಡ್ರಿ.”

ನಾನು ನೋಡಲಿಲ್ಲ. ನಲ್ಲಿ ಪೈಪುಗಳ ಗುತ್ತಿಗೆದಾರನಿಗೆ ಫೋನ್ ಮಾಡಿ ಪ್ರತಿಕ್ರಿಯೆ ಕೇಳಿದೆ. ವಿಷಯ ಗಮನಕ್ಕೆ ಬಂದಿಲ್ಲ, ಪರಿಶೀಲಿಸಲಾಗುವುದು ಎಂದ. ದೂರು ಸಿಕ್ಕಿತು, ಪ್ರತಿಕ್ರಿಯೆ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ತನಿಖೆ ಪೂರ್ಣ. ಬರೆಯಲು ಕೂತಾಗ ಶಶಿಕಲಾ ಅಡುಗೆಮನೆಯಿಂದಲೇ ಕೇಳಿದಳು:

“ಆ ನೀರು ನಾ ಮಷಿನ್ ಹಚ್ಚಿದಾಗಷ್ಟ ಬರ್ತದ. ಕಲ್ಲ ಸರಿಸಿ ನೋಡೀರೇನು?”

ಸರಿಸಿದೆ. ನನ್ನ ಗಂಟು ಬಿಚ್ಚಿಕೊಂಡು ಮಲಗಿತ್ತು. ಬೆನ್ನ ಹಿಂದೆ ಬಂದು ನಿಂತವಳು ಸಣ್ಣ ದನಿಯಲ್ಲಿ ಅಂದಳು: “ಊರ ಚರಂಡಿ ಎಲ್ಲಾ ಬರದು ಮುಗಿಸೀರಿ. ಮನೀದೊಂದ ಬಾಕಿ ಇತ್ತು.”

ಕ್ಲಿಪ್ ಕೊಳ್ಳಲು ಹುಮನಾಬಾದಿಗೆ ಹೋದೆ. ನಮ್ಮೂರಿನಲ್ಲಿ ಸಿಗುವುದಿಲ್ಲವೆಂದಲ್ಲ. ಇಲ್ಲಿ ಕೊಂಡರೆ ಅಂಗಡಿಯವನು ಯಾತಕ್ಕೆಂದು ಕೇಳುತ್ತಾನೆ, ಪಕ್ಕದಲ್ಲಿ ನಿಂತವರು ಉತ್ತರ ಕೇಳುತ್ತಾರೆ. ಭ್ರಷ್ಟರನ್ನು ಬಯಲಿಗೆಳೆಯುವ ಪತ್ರಕರ್ತ ಹೀಗೆ ಪಕ್ಕದೂರಿಗೆ ಹೋಗಿ, ಕದ್ದ ಮಾಲಿನಂತೆ ಕ್ಲಿಪ್ಪನ್ನು ಜೇಬಿಗೆ ಇಳಿಸಿಕೊಂಡು ಹೊರಬಂದರೆ, ಎದುರಿನ ಚಹಾದಂಗಡಿಯಲ್ಲಿ ಶರಣಪ್ಪ ಕೂತಿದ್ದ. ನಮ್ಮದೇ ಪತ್ರಿಕೆಯ ಹುಮನಾಬಾದ್ ವರದಿಗಾರ.

“ಬರ್ರಿ ಸರ್, ಚಾ ಕುಡೀರಿ. ನಿಮ್ಮ ಓಣ್ಯಾಗಿನ ನೀರಿನ ಫೋಟೋ ಯಾರೋ ವಾಟ್ಸಾಪ್‌ನ್ಯಾಗ ಕಳಿಸ್ಯಾರ. ನೀವು ಬರೀಲಿಲ್ಲ, ನಾನೇ ಬರದು ಕಳಿಸೀನಿ. ನಾಳಿ ಬರ್ತದ.”

“ಜಾಗಾ ನೋಡಿಯೇನು?”

“ಫೋಟೋ ಅದ ಅಲ್ರಿ. ಮತ್ತೇನು ನೋಡಾದು?”

ಇಂಥವರಿಂದಲೇ ಪತ್ರಿಕೋದ್ಯಮ ಹಾಳಾಯಿತೆಂದು ಮನಸ್ಸಿನಲ್ಲೇ ಉಗಿದೆ. ಅದು ನನ್ನದೇ ಪದ್ಧತಿ ಎಂಬುದು ವಾಪಸು ಬಸ್ಸಿನಲ್ಲಿ ಹೊಳೆಯಿತು. ಒಂದು ಮಾತು ಹೇಳಿದ್ದರೆ ಸುದ್ದಿ ನಿಲ್ಲುತ್ತಿತ್ತು. ಹೇಳದೆ, ಜೇಬಿನ ಕ್ಲಿಪ್ಪನ್ನು ಒತ್ತಿ ಹಿಡಿದು ಅವನ ಖರ್ಚಿನಲ್ಲಿ ಚಹಾ ಕುಡಿದು ಬಂದಿದ್ದೆ.

ಸಂಜೆ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪೈಪನ್ನು ಪೂರ್ತಿ ಒಳಗೆ ತಳ್ಳಿ, ಕ್ಲಿಪ್ಪಿನ ತಿರುಪು ಬಿಗಿದೆ. “ಪೇಪರ್‌ಭಾಯಿ ತನಿಖಿ ಮಾಡಾಕತ್ತಾರ,” ಎಂದು ಹಾದುಹೋಗುವವರೊಬ್ಬರು ಮೆಚ್ಚಿಕೊಂಡರು. ಒಂದು ಹನಿ ಹೊರಬೀಳಲಿಲ್ಲ. ಬೆಳಿಗ್ಗೆ ಸುದ್ದಿ ಬಂತು. ಅದರ ಹಿಂದೆಯೇ ಗುತ್ತಿಗೆದಾರನ ಆಳುಗಳು ಬಂದು ಖಾಲಾನ ಬಾಗಿಲ ಮುಂದೆ ಅಗೆದರು. ಒಳಗೆ ಒಣಗಿದ ಪೈಪು, ಹೊರಗೆ ಒಣಗುತ್ತಿದ್ದ ನೆಲ. ಸೋರಿಕೆ ನಿಲ್ಲಿಸಿದ್ದೇವೆಂದು ಘೋಷಿಸಿ, ಗುಂಡಿ ಹಾಗೇ ಬಿಟ್ಟು ಹೋದರು.

ಮರುದಿನ ಖಾಲಾ ಒಂದು ಬಟ್ಟಲು ಶ್ಯಾವಿಗೆ ಖೀರು ತಂದರು. ತಿಂದು ಬಟ್ಟಲು ಕೆಳಗಿಟ್ಟೆ. ಖಾಲಾ, ಆ ನೀರು ನಮ್ಮ ಮನೀದ್ರಿ, ಎಂದೆ.

“ಗೊತ್ತಿತ್ತು,” ಅಂದರು. “ನಿಂಬಿಕಾಯಿ ಸಾಬಾಣದ ವಾಸನಿ ಬರ್ತಿತ್ತು. ನಳದ ನೀರಿಗಿ ಅದು ಎಲ್ಲಿಂದ ಬರಬೇಕು?”

“ಮತ್ತ ಬರೀರಿ ಅಂತ ಯಾಕ ಅಂದ್ರಿ?”

“ನಿಮ್ಮ ಮನೀ ಸೋರ್ತದ ಅಂತ ಮುಖದ ಮ್ಯಾಲ ಹ್ಯಾಂಗ ಹೇಳ್ಲಿ? ಬರೀಯಾಕರ ಬಂದು ನೋಡ್ತೀರಿ ಅಂದ್ಕೊಂಡಿದ್ದೆ.”

ಶಶಿಕಲಾ ನಗು ತಡೆಯಲು ಖಾಲಿ ಬಟ್ಟಲನ್ನು ಯಂತ್ರದೊಳಗೆ ಇಡಲು ಹೋದಳು. ಖಾಲಾ ಹೊರಟುಹೋದ ಮೇಲೆ ಕಚೇರಿಯಿಂದ ಫೋನ್ ಬಂತು: ‘ವರದಿ ಫಲಶ್ರುತಿ’ ಬೇಕು, ಕೂಡಲೇ. ಮಧ್ಯಾಹ್ನವೆಲ್ಲ ತಿದ್ದಿ ತಿದ್ದಿ ಬರೆದೆ. ಸೋರಿಕೆ ನಿಂತಿದೆ, ನಿವಾಸಿಗಳು ನೆಮ್ಮದಿಯಿಂದಿದ್ದಾರೆ, ಒಂದಕ್ಷರ ಸುಳ್ಳಿಲ್ಲ. ಯಾರು ನಿಲ್ಲಿಸಿದರೆಂದು ಮಾತ್ರ ಬರೆಯಲಿಲ್ಲ. ಆ ಕೊರತೆ ತುಂಬಲು ಖಾರವಾಗಿ ಒಂದು ಪ್ಯಾರಾ ಸೇರಿಸಿದೆ: ಬಾಗಿಲ ಮುಂದೆಯೇ ಗುಂಡಿ ಬಾಯ್ದೆರೆದು ನಿಂತಿದೆ, ಬಡ ಶ್ಯಾವಿಗೆ ವ್ಯಾಪಾರಿಯ ಗೋಳು ಕೇಳುವವರಿಲ್ಲ, ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೇ?

ಕಳಿಸಿದ ಮೇಲೆ, ಗುಂಡಿಯದೊಂದು ಫೋಟೋ ಇರಲೆಂದು ಬಾಗಿಲು ತೆರೆದೆ. ಖಾಲಾ ಯಾವಾಗಲೋ ಅದಕ್ಕೆ ಮಣ್ಣು ತುಂಬಿಸಿ, ತುಳಿಸಿ, ಮೇಲೆ ಮಂಚ ಹಾಕಿ ಶ್ಯಾವಿಗೆ ಹರಡಿದ್ದರು. ನನ್ನ ಕೈಯಲ್ಲಿ ಫೋನ್ ಕಂಡು ಸೆರಗು ಸರಿಮಾಡಿಕೊಂಡು ನಿಂತರು.